ಕುದುರೆಯನ್ನು ಪಾಲಿಗೆ ಕೊಡುವ ಮುಂಚೆ ಇದನ್ನು ಓದಿ

ಬೆಂಗಳೂರಿನ ಸುತ್ತಮುತ್ತ ಸ್ವಂತ ಕುದುರೆ ಇಟ್ಟುಕೊಂಡವರಿಗೆ, ಅದರಲ್ಲೂ ರೇಸ್ ಬಿಟ್ಟ ಕುದುರೆ ತಂದು ಸಾಕುತ್ತಿರುವವರಿಗೆ ಈ ಮಾತು. ಖರ್ಚು ಹಂಚಿಕೊಳ್ಳೋಕೆ, ವಾರದಲ್ಲಿ ನಾಲ್ಕು ದಿನ ಸವಾರಿ ಮಾಡೋಕೆ ಅನುಭವ ಇರುವವರನ್ನು ಹುಡುಕುತ್ತಿದ್ದೀರಾ? ನಾನೂ ಹುಡುಕಿದೆ, ಒಬ್ಬ ಸಿಕ್ಕಿದ. ಎಂಟು ತಿಂಗಳಾಯಿತು, ನನ್ನ ತುಂಗಾಳ ಬೆನ್ನ ಮೇಲೆ ಜೀನು ಬಿದ್ದಿಲ್ಲ.

ತುಂಗಾ ಒಂಬತ್ತು ವರ್ಷದ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಹೆಣ್ಣು ಕುದುರೆ. ಹೆಸರಘಟ್ಟದ ಕಡೆ ಒಂದು ಲಾಯದಲ್ಲಿ ಇಟ್ಟಿದ್ದೇನೆ. ಬಾಡಿಗೆ, ಕುದುರೆ ನೋಡಿಕೊಳ್ಳುವ ಸೈಸ್ ಸಂಬಳ, ಹುಲ್ಲು, ಬೂಸಾ, ಆರು ವಾರಕ್ಕೊಮ್ಮೆ ಲಾಳ ಎಲ್ಲಾ ಸೇರಿ ತಿಂಗಳಿಗೆ 25 ಸಾವಿರ ದಾಟುತ್ತದೆ. ಆದರೆ ನನಗೆ ಕಷ್ಟವಾಗಿದ್ದು ದುಡ್ಡಿಗಿಂತ ಸಮಯದ್ದು. ಅಮ್ಮನಿಗೆ ಆಪರೇಷನ್ ಆಗಿ ವಾರದ ದಿನಗಳಲ್ಲಿ ಲಾಯಕ್ಕೆ ಹೋಗಲು ಆಗುತ್ತಿರಲಿಲ್ಲ, ಇಂಥ ಕುದುರೆಯನ್ನು ದಿನಗಟ್ಟಲೆ ನಿಂತಲ್ಲೇ ನಿಲ್ಲಿಸಿದರೆ ಮೈಗೂ ಒಳ್ಳೆಯದಲ್ಲ, ಮನಸ್ಸಿಗೂ ಅಲ್ಲ, ಹೊಟ್ಟೆನೋವಿನ ಭಯ ಬೇರೆ. ಕುದುರೆಗೆ ವಾಂತಿ ಮಾಡೋಕೆ ಬರುವುದಿಲ್ಲ ಅಲ್ವಾ, ಹೊಟ್ಟೆನೋವು ಜೋರಾದರೆ ಜೀವಕ್ಕೇ ಬರುತ್ತದೆ.

ಪರಿಚಯದವರ ವಾಟ್ಸಾಪ್ ಗುಂಪಿನಿಂದ ಅವನ ನಂಬರ್ ಸಿಕ್ಕಿತು. ಹತ್ತು ವರ್ಷದ ಅನುಭವ, ಎನ್‌ಸಿಸಿಯಲ್ಲಿ ಕುದುರೆ ಓಡಿಸಿದ್ದೇನೆ, ಜಂಪಿಂಗ್ ಮಾಡಿದ್ದೇನೆ ಎಂದ. ವಿಡಿಯೋ ಕಳಿಸಿದ. ಒಂದು ಭಾನುವಾರ ಬಂದು ಮರಳಿನ ಅಂಗಳದಲ್ಲಿ ಇಪ್ಪತ್ತು ನಿಮಿಷ ಓಡಿಸಿದ. ಚೆನ್ನಾಗಿಯೇ ಕೂತಿದ್ದ. ನಾನು ಅವತ್ತೇ ಒಪ್ಪಿಕೊಂಡೆ.

ನಾನು ಬರೀ ಸವಾರಿ ನೋಡಿದೆ. ಜೀನು ಕಟ್ಟಿ ಕೊಟ್ಟಿದ್ದು ನಮ್ಮ ಸೈಸ್. ಅವನು ಇಳಿದ ತಕ್ಷಣ ಲಗಾಮನ್ನು ಸೈಸ್ ಕೈಗೆ ಕೊಟ್ಟು ಫೋನ್ ತೆಗೆದ. ಹೊಟ್ಟೆಪಟ್ಟಿ ಸಡಿಲಿಸಲಿಲ್ಲ, ಕಾಲು ಮುಟ್ಟಿ ನೋಡಲಿಲ್ಲ, ಬೆವರಿದ ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಲಿಲ್ಲ. ಅಲ್ಲೇ ಗೊತ್ತಾಗಬೇಕಿತ್ತು ನನಗೆ. ಇನ್ನೊಂದು ವಿಷಯ, ರೇಸ್ ಕುದುರೆ ಲಗಾಮಿಗೆ ಒರಗಿಕೊಂಡೇ ಓಡಲು ಕಲಿತಿರುತ್ತದೆ, ಬಿಗಿಯಾಗಿ ಎಳೆದಷ್ಟೂ ಮುಂದೆ ನುಗ್ಗುತ್ತದೆ. ರೈಡಿಂಗ್ ಸ್ಕೂಲಿನ ಪಳಗಿದ ಕುದುರೆಗಳ ಮೇಲೆ ಎಷ್ಟೇ ವರ್ಷ ಕೂತಿದ್ದರೂ ಇದು ಗೊತ್ತಿರಬೇಕು ಅಂತೇನಿಲ್ಲ.

ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳು ಜೀನು ಕಂಡರೆ ಸಾಕು, ತುಂಗಾ ಕಿವಿ ಹಿಂದಕ್ಕೆ ಒತ್ತಿ ಕಚ್ಚಲು ಬರುತ್ತಿದ್ದಳು. ಬೆನ್ನಿನ ಮೇಲೆ ಎರಡು ಕಡೆ ಕೂದಲು ಸವೆದಿತ್ತು. ಬಿಸಿಲು, ಬೆವರು ಎಂದು ಸುಮ್ನೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಲಾಳ ಹೊಡೆಯುವವರು ಬಂದಾಗ ಹಳೇ ಲಾಳ ಕೈಯಲ್ಲಿ ಹಿಡಿದು "ಏನ್ ಮೇಡಂ, ಟಾರ್ ರೋಡಲ್ಲಿ ಓಡಿಸ್ತಿದ್ದೀರಾ?" ಎಂದು ಕೇಳಿದರು. ಇಲ್ಲವಲ್ಲ ಎಂದೆ. ಅಷ್ಟಕ್ಕೇ ಬಿಟ್ಟೆ.

ಏಪ್ರಿಲ್‌ನಲ್ಲಿ ಒಂದು ಗುರುವಾರ ಸಂಜೆ ಸೈಸ್ ಫೋನ್ ಮಾಡಿದ. "ಅಕ್ಕಾ, ತುಂಗಾ ಮುಂದಿನ ಕಾಲು ಊರ್ತಿಲ್ಲ."

ಹೋಗಿ ನೋಡಿದರೆ ಎಡ ಮುಂಗಾಲಿನ ಹಿಂಬದಿ, ಮಂಡಿಯಿಂದ ಕೆಳಗೆ, ಬಿಲ್ಲಿನ ಹಾಗೆ ಉಬ್ಬಿತ್ತು. ಕೈ ಇಟ್ಟರೆ ಸುಡುತ್ತಿತ್ತು. ಡಾಕ್ಟರು ಸ್ಕ್ಯಾನ್ ಮಾಡಿ, ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಎಳೆಗಳು ಹರಿದಿವೆ, ವಾಸಿಯಾಗಲು ಒಂಬತ್ತು ತಿಂಗಳಿಂದ ಒಂದು ವರ್ಷ, ಮೊದಲಿನ ಹಾಗೆ ಓಡುತ್ತಾಳೆ ಎಂದು ಈಗಲೇ ಹೇಳಲು ಆಗುವುದಿಲ್ಲ ಎಂದರು. ಆಮೇಲೆ ಒಂದೊಂದೇ ಹೊರಗೆ ಬಂತು. ಅವನು ಸ್ನೇಹಿತರನ್ನು ಕರೆದುಕೊಂಡು ಬಂದು ಸರದಿ ಮೇಲೆ ಕೂರಿಸುತ್ತಿದ್ದ, ರೀಲ್ಸ್ ಮಾಡಿಸುತ್ತಿದ್ದ, ಬೇಸಿಗೆಗೆ ಕಲ್ಲಿನಂತಾಗಿದ್ದ ಬಯಲಿನಲ್ಲಿ ನಾಗಾಲೋಟ ಓಡಿಸುತ್ತಿದ್ದ. ಅವರಲ್ಲಿ ಒಬ್ಬ ನೂರು ಕೆಜಿ ದಾಟಿದವನಂತೆ. ತುಂಗಾ ಇರುವುದೇ 450 ಕೆಜಿ, ಕುದುರೆ ಹೊರಬಹುದಾದ ಭಾರ ಅದರ ತೂಕದ ಐದನೇ ಒಂದು ಪಾಲು ಎಂದರೂ ಜೀನು ಸೇರಿ 90 ಕೆಜಿ. ಸೈಸ್ ಕೈಗೆ ಮುನ್ನೂರು, ಐನೂರು ಕೊಟ್ಟು ಬಾಯಿ ಮುಚ್ಚಿಸಿದ್ದ. ಸೈಸ್ ನನ್ನ ಮುಂದೆ ಅತ್ತುಬಿಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಏನಾದರೂ ಕಂಡರೆ ನನಗೆ ಹೇಳಬಹುದು, ನಿನ್ನ ಕೆಲಸಕ್ಕೆ ತೊಂದರೆ ಆಗಲ್ಲ ಎಂದು ನಾನು ಮೊದಲೇ ಹೇಳಬೇಕಿತ್ತು.

ಆ ಸವಾರನಿಗೆ ಫೋನ್ ಮಾಡಿದರೆ "ಅದು ಮೊದಲೇ ಇತ್ತು ರೀ, ರೇಸ್ ಕುದುರೆ ಅಲ್ವಾ" ಎಂದ. ಮಾರನೇ ದಿನದಿಂದ ನನ್ನ ನಂಬರ್ ಬ್ಲಾಕ್. ಅವನು ಬರುವ ಮುಂಚೆ ಕಾಲು ಸರಿ ಇತ್ತು ಎನ್ನಲು ನನ್ನ ಹತ್ತಿರ ಡಾಕ್ಟರ ಚೀಟಿ ಇಲ್ಲ, ಫೋಟೋ ಇಲ್ಲ, ಒಪ್ಪಂದ ಇಲ್ಲ. ನಮ್ಮೂರಲ್ಲಿ ಒಂದು ಕರುವನ್ನು ಪಾಲಿಗೆ ಕೊಡುವಾಗಲೂ ನಾಲ್ಕು ಜನರ ಎದುರು ಮಾತಾಗುತ್ತದೆ, ಸತ್ತರೆ ಯಾರಿಗೆ ನಷ್ಟ, ಈದರೆ ಯಾರಿಗೆ ಕರು ಅಂತ. ನಾನು ಕುದುರೆಯನ್ನೇ ಬರೀ ಬಾಯಿಮಾತಿನಲ್ಲಿ ಕೊಟ್ಟೆ.

ದಯವಿಟ್ಟು ನೀವು ಹಾಗೆ ಮಾಡಬೇಡಿ. ಮೊದಲ ದಿನ ಸವಾರಿಯೇ ಬೇಡ. ಕುದುರೆಯನ್ನು ಹೊರಗೆ ತರಲಿ, ಮೈ ಉಜ್ಜಲಿ, ನಾಲ್ಕೂ ಗೊರಸು ಎತ್ತಿ ಕ್ಲೀನ್ ಮಾಡಲಿ, ಜೀನು ತಾವೇ ಕಟ್ಟಲಿ, ತಾವೇ ಬಿಚ್ಚಲಿ. ಪಕ್ಕದಲ್ಲಿ ನಿಂತು ನೋಡಿ. ಕುದುರೆಯ ಮೈ ಬಿಸಿ ಎಷ್ಟಿರಬೇಕು ಎಂದು ಕೇಳಿ, 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಎಂದು ಅನುಭವ ಇರುವವರು ಥಟ್ಟನೆ ಹೇಳುತ್ತಾರೆ. ಮೊದಲ ಒಂದು ತಿಂಗಳು ನೀವಿಲ್ಲದಾಗ ಸವಾರಿ ಬೇಡ. ಆಮೇಲೂ ಹೇಳದೆ ಕೇಳದೆ ಒಮ್ಮೊಮ್ಮೆ ಹೋಗಿ ಬನ್ನಿ. ಯಾರು ಹತ್ತಬಹುದು, ಎಲ್ಲಿ ಓಡಿಸಬಹುದು, ಪೆಟ್ಟಾದರೆ ಡಾಕ್ಟರ ದುಡ್ಡು ಯಾರದು ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಅದಕ್ಕೂ ಮುಂಚೆ ಡಾಕ್ಟರ ಹತ್ತಿರ ತೋರಿಸಿ, ನಾಲ್ಕೂ ಕಾಲಿನ ಫೋಟೋ ತೆಗೆದಿಡಿ. ಇದನ್ನೆಲ್ಲ ಕೇಳಿದರೆ ಬೇಜಾರು ಮಾಡಿಕೊಳ್ಳುವವರು ಹೋಗಲಿ ಬಿಡಿ.

ತುಂಗಾಳನ್ನು ಈಗ ದಿನಾ ನಲವತ್ತು ನಿಮಿಷ ಕೈಯಲ್ಲಿ ಹಿಡಿದು ನಡೆಸುತ್ತಿದ್ದೇವೆ. ಜನವರಿಯಲ್ಲಿ ಇನ್ನೊಂದು ಸ್ಕ್ಯಾನ್ ಇದೆ.

ಅವನು ಮತ್ತೆ ಬೇರೆ ಲಾಯಗಳಲ್ಲಿ ಕುದುರೆ ಕೇಳುತ್ತಿದ್ದಾನೆ ಎಂದು ಕೇಳಿದೆ. ಹೆಸರು ಇಲ್ಲಿ ಬರೆಯುವುದಿಲ್ಲ. ನಿಮ್ಮ ಹತ್ತಿರ ಯಾರೇ ಬಂದರೂ, ಇದಕ್ಕೂ ಮುಂಚೆ ಯಾರ ಕುದುರೆ ಓಡಿಸುತ್ತಿದ್ದಿರಿ, ಅವರ ನಂಬರ್ ಕೊಡಿ ಎಂದು ಕೇಳಿ. ನಂಬರ್ ಇಸ್ಕೊಂಡು ಸುಮ್ಮನಾಗಬೇಡಿ, ಫೋನ್ ಮಾಡಿ.