ಸ್ಟೆಲಾರಿಸ್: ಹಳೆಯ ಆಟ, ಪುಕ್ಕಟೆ ರಿಪೇರಿ

ಪ್ಯಾರಡಾಕ್ಸ್ ಕಂಪನಿಯವರ ಈ ಬಾಹ್ಯಾಕಾಶ ಸ್ಟ್ರಾಟಜಿ ಆಟ ಬಂದಿದ್ದು 2016ರಲ್ಲಿ. ಆಗ ಗ್ರಹ ಅಂದರೆ ಒಂದಿಷ್ಟು ಚೌಕಗಳು, ಅವುಗಳ ಮೇಲೆ ಕಟ್ಟಡಗಳು, ಜನ, ಅಷ್ಟೇ. 2018ರ 2.2 ಅಪ್‌ಡೇಟ್ ಅದನ್ನೆಲ್ಲ ಕಿತ್ತುಹಾಕಿ ಜಿಲ್ಲೆ, ಉದ್ಯೋಗಗಳ ಲೆಕ್ಕ ತಂದಿತು. ಅದೂ ದುಡ್ಡಿಲ್ಲದೆ! ಈಗ ಗಣಿ ಜಿಲ್ಲೆ ಜಾಸ್ತಿ ಕಟ್ಟಿದರೆ ಕೆಲಸಕ್ಕೆ ಜನ ಎಲ್ಲಿ ಅಂತಲೂ ಯೋಚಿಸಬೇಕು. ನನಗೆ ಈ ತಲೆಬಿಸಿಯೇ ಇಷ್ಟ.

2021ರಿಂದ ಹಳೆಯ ಭಾಗಗಳನ್ನು ತಿದ್ದಲೆಂದೇ ‘ಕಸ್ಟೋಡಿಯನ್’ ತಂಡವಿದೆ. ಬೇರೆಯಾಗಿ ಕೊಳ್ಳುವ ಪ್ಲಾಂಟಾಯ್ಡ್ಸ್ ಪ್ಯಾಕ್‌ನಲ್ಲಿ ಮೊದಲು ಸಸ್ಯಜೀವಿಗಳ ಚಿತ್ರ, ಹಡಗು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. 3.1 ಅಪ್‌ಡೇಟ್‌ನಲ್ಲಿ ಆ ಸಸ್ಯಜೀವಿಗಳಿಗೆ ಬೆಳಕಿನಿಂದಲೂ ಬದುಕುವ ಗುಣ ಬಂತು. ಮೊದಲೇ ಕೊಂಡವರಿಗೆ ಮತ್ತೆ ಬಿಲ್ ಇಲ್ಲ. ಮಾರಿದ ಮೇಲೂ ಇಷ್ಟು ಕಾಳಜಿ ಮಾಡುವವರು ಎಷ್ಟು ಜನ ಇದ್ದಾರೆ, ಅಲ್ವಾ?

ಡಿಎಲ್‌ಸಿ (ಆಟಕ್ಕೆ ಬೇರೆಯಾಗಿ ಕೊಳ್ಳುವ ಸೇರ್ಪಡೆ) ರಾಶಿ ಮಾತ್ರ ದುಬಾರಿ. ಹೊಸಬರು ಮೂಲ ಆಟವನ್ನಷ್ಟೇ ತಗೊಳ್ಳಿ, ಉಳಿದದ್ದಕ್ಕೆ ಸ್ಟೀಮ್ ಆನ್‌ಲೈನ್ ಅಂಗಡಿಯ ಸೇಲ್ ಕಾಯಿರಿ.