ಗ್ಯಾಲಿಂಗೇಲ್ ಅಂತ ಬರೆದ ಪುಡಿ ಕೊಳ್ಳುವ ಮುಂಚೆ ಇದನ್ನು ಓದಿ

ಟೊರೊಂಟೊ ಸುತ್ತಮುತ್ತ ಇರುವ ಕನ್ನಡದವರು, ಅದರಲ್ಲೂ ಹೊಸ ಹೊಸ ಅಡುಗೆ ಮಾಡಿ ನೋಡುವ ಆಸೆ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ವರ್ಷ ಒಂದು ಚಮಚ ಮಸಾಲೆ ಪುಡಿಯಿಂದ ನಮ್ಮ ಯಜಮಾನರು ಆಸ್ಪತ್ರೆ ಸೇರಬೇಕಾಯಿತು.

ನಮ್ಮ ಎದುರುಮನೆ ಆಂಟಿ ಚೀನಾದ ಗುವಾಂಗ್‌ಡಾಂಗ್ ಕಡೆಯವರು. ಅವರು ಮಾಡುವ ಉಪ್ಪುಕೋಳಿ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಅದು ಹಕ್ಕಾ ಜನರ ಹಳೇ ಅಡುಗೆ. ಇಡೀ ಕೋಳಿಯನ್ನು ಕಾಗದದಲ್ಲಿ ಸುತ್ತಿ, ಕಾದ ಉಪ್ಪಿನೊಳಗೆ ಹೂತು ಬೇಯಿಸುತ್ತಾರೆ. ಅದಕ್ಕೆ ಘಮ ಕೊಡುವುದು ಶಾ ಜಿಯಾಂಗ್ ಎಂಬ ಬೇರು. ನೋಡಲು ಪುಟ್ಟ ಶುಂಠಿ, ಮೂಸಿದರೆ ಕರ್ಪೂರದ ಹಾಗೆ. ಚೀನಾದಲ್ಲಿ ಇದನ್ನು ಅಡುಗೆಗೂ ಹಾಕುತ್ತಾರೆ, ಹೊಟ್ಟೆನೋವಿಗೆ ಔಷಧಿಯಾಗಿಯೂ ಕೊಡುತ್ತಾರೆ. ನಮ್ಮಲ್ಲೂ ಕೆಲವು ಗ್ರಂಥಿಗೆ ಅಂಗಡಿಗಳಲ್ಲಿ ಕಚ್ಚೂರ ಅಂತ ಕೊಡುವುದು ಇದನ್ನೇ.

ಇಂಗ್ಲಿಷಿನಲ್ಲಿ ಇದಕ್ಕೇನು ಅಂತಾರೆ ಅಂತ ಕೇಳಿದೆ. ಆಂಟಿ ತಮ್ಮ ಹಳೇ ನಿಘಂಟು ತಂದು ಒಂದು ಪದದ ಮೇಲೆ ಬೆರಳಿಟ್ಟರು. ಗ್ಯಾಲಿಂಗೇಲ್.

ಈ ಪದವನ್ನು ಈಗ ಇಂಗ್ಲಿಷಿನವರೇ ಬಳಸುವುದು ಕಡಿಮೆ. ಅದರ ಮೂಲ ಚೀನೀ ಭಾಷೆಯ ಗಾವೊಲಿಯಾಂಗ್ ಜಿಯಾಂಗ್, ಅಂದರೆ ಗಾವೊಲಿಯಾಂಗ್ ಊರಿನ ಶುಂಠಿ, ಎಂದು ಹೇಳುತ್ತಾರೆ. ಅರಬ್ಬರ ಬಾಯಿ ದಾಟಿ ಯುರೋಪಿಗೆ ಹೋಗುವಷ್ಟರಲ್ಲಿ ಹೆಸರು ಸವೆದು ಹೀಗಾಗಿದೆ. ತೊಂದರೆ ಏನಂದರೆ, ಈ ಒಂದೇ ಹೆಸರಿಗೆ ಎಷ್ಟೋ ಬೇರುಗಳಿವೆ. ಔಷಧಿಗೆ ಹೋಗುವ ಕೆಂಪು ಬಣ್ಣದ ಚಿಕ್ಕ ಬೇರು ಒಂದು. ನಾವು ದುಂಪರಾಸ್ಮೆ ಅನ್ನುವ ದೊಡ್ಡ ಬೇರು ಇನ್ನೊಂದು. ಆಂಟಿಯ ಶಾ ಜಿಯಾಂಗ್ ಮತ್ತೊಂದು. ಶುಂಠಿಗೆ ಸಂಬಂಧವೇ ಇಲ್ಲದ, ನಮ್ಮ ಕೊನ್ನಾರಿ ಗಡ್ಡೆಯ ಜಾತಿಯ ಒಂದು ಜೌಗು ಹುಲ್ಲಿಗೂ ಇಂಗ್ಲೆಂಡಿನಲ್ಲಿ ಇದೇ ಹೆಸರು!

ನನಗೆ ಆಗ ಇದೆಲ್ಲ ಎಲ್ಲಿ ಗೊತ್ತಿತ್ತು? ಆ ಪದ ಹಾಕಿ ಆನ್‌ಲೈನ್‌ನಲ್ಲಿ ಹುಡುಕಿದೆ. ಕಡಿಮೆ ಬೆಲೆಗೆ ಸಿಕ್ಕ ಪುಡಿ ತರಿಸಿದೆ. ಪ್ಯಾಕೆಟ್ ಮೇಲೆ ಅದೊಂದು ಹೆಸರು ಬಿಟ್ಟರೆ ಏನೂ ಇರಲಿಲ್ಲ. ಗಿಡದ ಲ್ಯಾಟಿನ್ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ, ತಯಾರಿಸಿದವರು ಯಾರು ಅಂತಲೂ ಇಲ್ಲ. ಅಲ್ಲೇ ನಿಲ್ಲಿಸಬೇಕಿತ್ತು.

ಶನಿವಾರ ರಾತ್ರಿ ಕೋಳಿ ಮಾಡಿದೆ. ನೆಂಜಿಕೊಳ್ಳಲು ಉಪ್ಪಿನ ಜೊತೆ ಅದೇ ಪುಡಿ ಕಲಸಿಟ್ಟೆ. ಮಗಳು ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದಳು. ಅದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಅರ್ಧ ಗಂಟೆಯೊಳಗೆ ಇವರು, "ತುಟಿಯೆಲ್ಲಾ ಜುಮ್ ಅಂತಿದೆ ಕಣೇ, ಸಿಚುವಾನ್ ಮೆಣಸು ಹಾಕಿದೀಯಾ?" ಅಂದರು. ಆ ಮೆಣಸು ತಿಂದರೆ ನಾಲಿಗೆ ಸ್ವಲ್ಪ ಹೊತ್ತು ಮರಗಟ್ಟುವುದು ಸಹಜ ಅಲ್ವಾ, ಹಾಗಾಗಿ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ತುಟಿಯೂ ಜುಮ್ ಅನ್ನುತ್ತಿತ್ತು. ಆಮೇಲೆ ಇವರ ಕೈಬೆರಳು ಜೋಮು ಹಿಡಿದವು. ವಾಂತಿ ಶುರುವಾಯಿತು. ಎದೆ ಡವಡವ ಅಂತಿದೆ ಅಂದರು. ಎದ್ದು ನಿಲ್ಲಲು ಹೋದರೆ ಕಾಲಲ್ಲಿ ಶಕ್ತಿ ಇಲ್ಲ. 911ಕ್ಕೆ ಫೋನ್ ಮಾಡಿದೆ.

ಆಸ್ಪತ್ರೆಯಲ್ಲಿ ಏನು ತಿಂದಿರಿ ಅಂತ ಕೇಳಿದರು. ಗ್ಯಾಲಿಂಗೇಲ್ ಅಂದೆ. ನರ್ಸ್‌ಗೂ ಅರ್ಥವಾಗಲಿಲ್ಲ, ಡಾಕ್ಟರಿಗೂ ಅರ್ಥವಾಗಲಿಲ್ಲ. ಮತ್ತೆ ಮತ್ತೆ ಹೇಳಿದೆ. ಕೊನೆಗೆ ಆಂಟಿಯ ಮಗನಿಗೆ ಫೋನ್ ಮಾಡಿದೆ. ಅವನು, "ಸ್ಯಾಂಡ್ ಜಿಂಜರ್ ಅನ್ನಿ" ಅಂದ. ಆ ಹೆಸರು ಕೇಳಿದ ಕೂಡಲೇ ಡಾಕ್ಟರ್ ಮುಖ ಬದಲಾಯಿತು.

2022ರ ಆಗಸ್ಟ್‌ನಲ್ಲಿ ಇಲ್ಲೇ ಮಾರ್ಕಮ್‌ನಲ್ಲಿ ಹೋಟೆಲ್ ಊಟ ಮಾಡಿದ 12 ಜನ ಹೀಗೇ ಆಸ್ಪತ್ರೆ ಸೇರಿದ್ದರು. ಸ್ಯಾಂಡ್ ಜಿಂಜರ್ ಪುಡಿಯಲ್ಲಿ ಅಕೊನಿಟಿನ್ ವಿಷ ಸೇರಿಕೊಂಡಿತ್ತು. ಅದೇ ವರ್ಷ, ಅದಕ್ಕೂ ಮೊದಲೇ, ಬ್ರಿಟಿಷ್ ಕೊಲಂಬಿಯಾದಲ್ಲೂ ಇಂಥದ್ದೇ ಆಗಿತ್ತು. ಅಕೊನಿಟಿನ್ ಅಂದರೆ ನಮ್ಮ ವತ್ಸನಾಭಿ ಬೇರಿನಲ್ಲಿರುವ ವಿಷ. ನಮ್ಮ ಆಯುರ್ವೇದ ವೈದ್ಯರು ಶೋಧನೆ ಮಾಡದೆ, ಅಂದರೆ ವಿಷ ಇಳಿಸದೆ, ಅದನ್ನು ಮುಟ್ಟುವುದಿಲ್ಲ. ಚೀನೀ ವೈದ್ಯರೂ ಆ ಜಾತಿಯ ಬೇರನ್ನು ತುಂಬಾ ಹೊತ್ತು ಕುದಿಸಿಯೇ ಕೊಡುತ್ತಾರೆ. ಪುಡಿ ಮಾಡಿಬಿಟ್ಟರೆ ಯಾವುದು ಯಾವ ಬೇರು ಅಂತ ಯಾರಿಗೆ ಗೊತ್ತಾಗುತ್ತದೆ?

ಈ ವಿಷಕ್ಕೆ ಪ್ರತಿಮದ್ದು ಇಲ್ಲ. ಹೃದಯದ ಬಡಿತ ನೋಡಿಕೊಳ್ಳುತ್ತಾ, ಅದು ತಪ್ಪಿದಾಗ ಸರಿಮಾಡುತ್ತಾ ಕಾಯಬೇಕು. ಬೆಳಗಿನ ಜಾವ ನಾಲ್ಕರವರೆಗೆ ಆ ಪರದೆಯ ಗೆರೆ ನೋಡುತ್ತಾ ಕೂತಿದ್ದೆ. ಮಾರನೇ ದಿನ ಸಂಜೆ ಇವರನ್ನು ಮನೆಗೆ ಕಳಿಸಿದರು. ನನಗೆ ಜೋಮಿನಲ್ಲೇ ಮುಗಿಯಿತು, ಕಡಿಮೆ ತಿಂದಿದ್ದೆ. ಪುಡಿಯನ್ನು ಪರೀಕ್ಷೆಗೆ ಕೊಟ್ಟಿದ್ದೆವು. ಅದೇ ವಿಷ ಇತ್ತು.

ನಾನು ಈಗ ಪುಡಿ ತರುವುದೇ ಇಲ್ಲ. ಆಂಟಿಯ ಜೊತೆ ಹೋಗಿ ಹಸಿ ಬೇರನ್ನೇ ತರುತ್ತೇನೆ. ಒಣಗಿದ ಬಿಲ್ಲೆಯಾದರೂ ಪರವಾಗಿಲ್ಲ. ಒಳಗೆ ಬಿಳಿ, ಅಂಚಿಗೆ ಕಂದು ಸಿಪ್ಪೆ, ಮೂಸಿದರೆ ಕರ್ಪೂರದ ಘಮ ಬರಬೇಕು. ಲೇಬಲ್ ಮೇಲೆ ಶಾ ಜಿಯಾಂಗ್‌ನ ಲ್ಯಾಟಿನ್ ಹೆಸರು ಕೆಂಪ್ಫೇರಿಯಾ ಗಲಂಗಾ ಅಂತ ಇದೆಯಾ ನೋಡಿ. ಆದರೆ ಪುಡಿಯಾದರೆ ಆ ಹೆಸರನ್ನೂ ಪೂರ್ತಿ ನಂಬಬೇಡಿ, 2022ರ ಪುಡಿಯ ಮೇಲೆ ಅದೇ ಹೆಸರಿತ್ತು. ಅನುಮಾನ ಬಂದರೆ ಸುಮ್ನೆ ನಾಲಿಗೆಗೆ ಹಚ್ಚಿ ನೋಡಲು ಹೋಗಬೇಡಿ. ಮನೆ ಅಡುಗೆಯಲ್ಲಿ ಒಲೆ ಮೇಲೆ ಬೆಂದಷ್ಟಕ್ಕೇ ವಿಷ ಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ.

ಊಟವಾದ ಮೇಲೆ ತುಟಿ, ನಾಲಿಗೆ ದಾಟಿ ಕೈಕಾಲೂ ಜೋಮು ಹಿಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಓಡಿ. ಪ್ಯಾಕೆಟ್ ಜೊತೆಗೆ ತಗೊಂಡು ಹೋಗಿ. ಅಲ್ಲಿ ಗ್ಯಾಲಿಂಗೇಲ್ ಅನ್ನಬೇಡಿ, ಸ್ಯಾಂಡ್ ಜಿಂಜರ್ ಅನ್ನಿ.