ಅಂಗಡಿ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್: ವರ್ಷಗಟ್ಟಲೆ ಬಳಸಿದ ಮೇಲೆ

ಉಡುಪಿಯ ಕಲ್ಸಂಕದ ಹತ್ತಿರ ನಮ್ಮದೊಂದು ಸಣ್ಣ ಆನ್‌ಲೈನ್ ಅಂಗಡಿ. ಆರ್‌ಟಿಸಿ, ಜಾತಿ-ಆದಾಯದ ಅರ್ಜಿ, ಪಾಸ್‌ಪೋರ್ಟ್, ರೈಲು ಟಿಕೆಟ್, ಜೆರಾಕ್ಸ್, ಲ್ಯಾಮಿನೇಶನ್, ಎಲ್ಲವೂ ಉಂಟು. ಬೆಳಗ್ಗಿನಿಂದ ರಾತ್ರಿವರೆಗೆ ಒಂದೇ ಕುರ್ಚಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಕೂತು ಜಿಮೇಲ್ ತೆರೆಯುತ್ತಾರೆ, ಆಧಾರ್ ಇಳಿಸಿಕೊಳ್ಳುತ್ತಾರೆ, ಪ್ರಿಂಟ್ ಕೈಗೆ ಬಂದದ್ದೇ ತಡ "ಬಸ್ಸಿಗೆ ಹೊತ್ತಾಯ್ತು" ಅಂತ ಎದ್ದು ಹೋಗುತ್ತಾರೆ. ಲಾಗ್‌ಔಟ್ ಮಾಡಿ ಹೋಗುವವರು ಕಡಿಮೆ. ಹಾಗಾಗಿ ಬ್ರೌಸರ್ ಆರಿಸುವಾಗ ನನ್ನ ಮೊದಲ ಚಿಂತೆ ದೊಡ್ಡ ಕಂಪನಿಗಳು ನಮ್ಮ ಜಾಡು ಹಿಡಿಯುವುದಲ್ಲ. ಹತ್ತು ಗಂಟೆಗೆ ಬಂದ ಅಕ್ಕನ ಇನ್‌ಬಾಕ್ಸು ಹತ್ತೂವರೆಗೆ ಬಂದ ಅಣ್ಣನ ಎದುರು ತೆರೆದುಕೊಳ್ಳಬಾರದು, ಅಷ್ಟೇ. ಆ ಕೆಲಸಕ್ಕೆ ಫೈರ್‌ಫಾಕ್ಸ್ ಚೆನ್ನಾಗಿದೆ. ಎಲ್ಲ ಕೆಲಸಕ್ಕೂ ಅಲ್ಲ.

"ಇನ್‌ಕಾಗ್ನಿಟೋ ಸಾಕಲ್ವಾ ಮಾರಾಯ್ರೆ" ಅಂತ ತುಂಬಾ ಜನ ಕೇಳುತ್ತಾರೆ. ಕ್ರೋಮ್‌ನಲ್ಲಿ ಜಾಡು ಉಳಿಸದೆ ನೋಡಲಿಕ್ಕಿರುವ ಬೇರೆ ಕಿಟಕಿ ಅದು. ಮುಚ್ಚಿದರೆ ಹಿಸ್ಟರಿ, ಕುಕೀ (ಲಾಗಿನ್ ಇತ್ಯಾದಿ ನೆನಪಿಡಲಿಕ್ಕೆ ಸೈಟು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಚೀಟಿ) ಹೋಗುತ್ತದೆ, ನಿಜ. ಆದರೆ ಮುಚ್ಚಬೇಕಲ್ಲ! ಗಿರಾಕಿ ಮಿನಿಮೈಸ್ ಮಾಡಿ ಎದ್ದು ಹೋದರೆ ಎಲ್ಲವೂ ಅಲ್ಲೇ ಕೂತಿರುತ್ತದೆ. ಇನ್ನು ಹೊರಗಿನವರಿಂದ ಅದು ಏನನ್ನೂ ದೊಡ್ಡದಾಗಿ ಮುಚ್ಚಿಡುವುದಿಲ್ಲ. ನೆಟ್ ಕೊಡುವವರಿಗೆ, ನೀವು ತೆರೆದ ಸೈಟಿಗೆ ನೀವು ಕಾಣುತ್ತಲೇ ಇರುತ್ತೀರಿ. ಇನ್‌ಕಾಗ್ನಿಟೋದಲ್ಲಿ ಇದ್ದಾಗಲೂ ಮಾಹಿತಿ ಕಲೆಹಾಕಿದ್ದಾರೆ ಅಂತ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸು ಬಿದ್ದು, ಹಳೆಯ ದಾಖಲೆ ಅಳಿಸುತ್ತೇವೆ ಅಂತ ಅವರು 2024ರಲ್ಲಿ ರಾಜಿಗೆ ಒಪ್ಪಿಕೊಂಡದ್ದು ಗೊತ್ತಿರಬಹುದು.

ನಾವು ಮಾಡಿಕೊಂಡ ವ್ಯವಸ್ಥೆ ಹೀಗೆ. ಗಿರಾಕಿಗಳ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಮುಚ್ಚಿದ ಕೂಡಲೇ ಹಿಸ್ಟರಿ, ಕುಕೀ, ಸೈಟ್ ಡೇಟಾ ಎಲ್ಲ ಅಳಿಸಿಹೋಗುವ ಹಾಗೆ ಸೆಟ್ಟಿಂಗಿನಲ್ಲಿ ಟಿಕ್ ಹಾಕಿದ್ದೇವೆ. ಪಾಸ್‌ವರ್ಡ್ ಉಳಿಸಬೇಕಾ ಅಂತ ಕೇಳುವುದನ್ನೇ ಆಫ್ ಮಾಡಿದ್ದೇವೆ. ಟ್ರ್ಯಾಕಿಂಗ್, ಅಂದರೆ ಸೈಟಿನಿಂದ ಸೈಟಿಗೆ ನಮ್ಮನ್ನು ಹಿಂಬಾಲಿಸುವುದು, ಅದನ್ನು ತಡೆಯುವ ಸೆಟ್ಟಿಂಗನ್ನು ಬಿಗಿಯಾದ ಸ್ಟ್ರಿಕ್ಟ್‌ಗೆ ಇಟ್ಟು, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಮೇಲಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್) ಹಾಕಿದ್ದೇವೆ. ಒಬ್ಬರು ಎದ್ದ ಮೇಲೆ ಎಲ್ಲ ಕಿಟಕಿ ಮುಚ್ಚಿ ಮತ್ತೆ ತೆರೆಯುವುದು ನಮ್ಮ ಹುಡುಗನ ಕೆಲಸ. ಎಲ್ಲ ಕಿಟಕಿ ಅಂದರೆ ಎಲ್ಲವೂ, ಒಂದು ಉಳಿದರೂ ಏನೂ ಅಳಿಯುವುದಿಲ್ಲ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಡೌನ್‌ಲೋಡ್ ಮಾಡಿದ ಫೈಲನ್ನು ಈ ಸೆಟ್ಟಿಂಗ್ ಮುಟ್ಟುವುದೇ ಇಲ್ಲ. ಪಟ್ಟಿ ಖಾಲಿ ಕಾಣುತ್ತದೆ, ಫೋಲ್ಡರಿನಲ್ಲಿ ಮಾತ್ರ ಊರಿನವರ ಆಧಾರ್ ಪಿಡಿಎಫ್‌ಗಳೆಲ್ಲ ಸಾಲಾಗಿ ಬಿದ್ದಿರುತ್ತವೆ. ಅದನ್ನು ಕೈಯಾರೆ ಅಳಿಸಬೇಕು, ರೀಸೈಕಲ್ ಬಿನ್ ಸಮೇತ.

ವಾಟ್ಸ್ಯಾಪ್ ವೆಬ್ ಇದಕ್ಕೆ ಅಡ್ಡ ಬರುತ್ತದೆ. ಈಗ ಎಲ್ಲರೂ ದಾಖಲೆಗಳನ್ನು ಅಂಗಡಿ ನಂಬರಿಗೇ ಕಳಿಸುವುದು. ಪ್ರತಿ ಸಲ ಕುಕೀ ಹೋದರೆ ಪ್ರತಿ ಸಲ ಫೋನ್ ಹಿಡಿದು ಸ್ಕ್ಯಾನ್ ಮಾಡಬೇಕು. ಬೇಕಾದ ಸೈಟನ್ನು ಉಳಿಸಿಕೊಳ್ಳಲಿಕ್ಕೆ ಎಕ್ಸೆಪ್ಶನ್ ಪಟ್ಟಿ ಇದೆ, ಆದರೆ ಗಿರಾಕಿ ಕೂರುವ ಕಡೆ ಅದನ್ನು ಹಾಕಿದರೆ ಎಲ್ಲರ ದಾಖಲೆಯೂ ಎಲ್ಲರಿಗೂ ಕಾಣುತ್ತದಲ್ಲ. ಹಾಗಾಗಿ ವಾಟ್ಸ್ಯಾಪ್ ಕೌಂಟರಿನ ಕಂಪ್ಯೂಟರಿನಲ್ಲಿ ಮಾತ್ರ.

ಕೌಂಟರಿನಲ್ಲಿ ನನಗೆ ಬಹಳ ಇಷ್ಟವಾದದ್ದು ಕಂಟೈನರ್ ಅನ್ನುವ ಎಕ್ಸ್‌ಟೆನ್ಶನ್, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರೇ ಮಾಡಿದ್ದು. ಒಂದು ಟ್ಯಾಬಿನ ಲಾಗಿನ್ ಇನ್ನೊಂದಕ್ಕೆ ತಾಗುವುದಿಲ್ಲ. ಹಸಿರು ಟ್ಯಾಬಿನಲ್ಲಿ ಒಬ್ಬರ ಜಿಎಸ್‌ಟಿ, ಕಿತ್ತಳೆ ಟ್ಯಾಬಿನಲ್ಲಿ ಇನ್ನೊಬ್ಬರದ್ದು, ಎರಡೂ ಒಟ್ಟಿಗೆ. ಮೊದಲೆಲ್ಲ ಇದಕ್ಕೆ ಎರಡು ಬ್ರೌಸರ್ ತೆರೆದಿಡುತ್ತಿದ್ದೆವು. ಪ್ರೈವಸಿಗೆ ಅಂತ ಮಾಡಿದ ಸೌಲಭ್ಯ ನಮಗೆ ಲೆಕ್ಕಪತ್ರದ ಕೆಲಸಕ್ಕೆ ಒದಗಿತು.

ಇನ್ನು ಕಿರಿಕಿರಿ. ಸ್ಟ್ರಿಕ್ಟ್ ಹಾಕಿದ ಮೇಲೆ ಸೈಟು ಕೆಡಬಹುದು ಅಂತ ಫೈರ್‌ಫಾಕ್ಸೇ ಎಚ್ಚರಿಕೆ ಕೊಡುತ್ತದೆ, ಕೆಡುತ್ತದೆ ಕೂಡ. ಅರ್ಜಿಯ ಶುಲ್ಕ ಕಟ್ಟುವಾಗ ಒಂದು ಸೈಟಿನಿಂದ ಪೇಮೆಂಟ್ ಗೇಟ್‌ವೇಗೆ, ಅಲ್ಲಿಂದ ಬ್ಯಾಂಕಿಗೆ, ಮತ್ತೆ ವಾಪಸ್ಸು ಅಂತ ಮೂರು ಮನೆ ಸುತ್ತಬೇಕಾಗುತ್ತದೆ. ಈ ದಾರಿಯಲ್ಲಿ ಎಲ್ಲೋ ಒಂದು ಕುಕೀ ತಡೆದರೆ ಸೆಶನ್, ಅಂದರೆ ಅಲ್ಲಿಯವರೆಗಿನ ಲಾಗಿನ್, ಹೋಗುತ್ತದೆ. ಹಣ ಕಟ್ಟಾಗಿರುತ್ತದೆ, ರಶೀದಿ ಬಂದಿರುವುದಿಲ್ಲ. ಗಿರಾಕಿ ಮುಖ ನೋಡುತ್ತಾರೆ, ನಾವು ಪರದೆ ನೋಡುತ್ತೇವೆ. ಹಣ ಎರಡು ದಿನದಲ್ಲಿ ವಾಪಸ್ ಬರುತ್ತದೆ ಅಂತ ಹೇಳಿದರೆ ಯಾರು ನಂಬುತ್ತಾರೆ? ಇಂಥ ಹೊತ್ತಿಗೆ ಅಡ್ರೆಸ್ ಪಟ್ಟಿಯಲ್ಲಿರುವ ಗುರಾಣಿ ಚಿಹ್ನೆ ಒತ್ತಿ ಆ ಸೈಟಿಗೆ ಮಾತ್ರ ತಡೆಯನ್ನು ತೆಗೆಯಬಹುದು, ಆದರೆ ಹಣ ಹೋದ ಮೇಲೆ ತೆಗೆದು ಏನು ಪ್ರಯೋಜನ. ಈಗ ಹಣ ಕಟ್ಟುವ ಕೆಲಸವೆಲ್ಲ ಎಡ್ಜ್‌ನಲ್ಲಿ, ಯಾವ ಎಕ್ಸ್‌ಟೆನ್ಶನ್ನೂ ಇಲ್ಲದೆ. ಪ್ರೈವಸಿ ಬ್ರೌಸರ್ ಇಟ್ಟುಕೊಂಡವರೆಲ್ಲ ಪಕ್ಕದಲ್ಲಿ ಮಾಮೂಲಿದೊಂದನ್ನು ಇಟ್ಟೇ ಇರುತ್ತಾರೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೇ.

ಕುಕೀ ತಡೆದರೆ ಮುಗಿಯಲಿಲ್ಲ, ನಿಮ್ಮ ಪರದೆಯ ಅಳತೆ, ಫಾಂಟು, ಟೈಮ್‌ಝೋನ್ ಎಲ್ಲ ಸೇರಿಸಿ ಗುರುತು ಹಿಡಿಯುತ್ತಾರೆ ಅಂತ ಓದಿ ಲಿಬ್ರೆವುಲ್ಫ್ ಕೂಡ ಹಾಕಿ ನೋಡಿದೆ. ಫೈರ್‌ಫಾಕ್ಸಿನದ್ದೇ ರೂಪ, ಇನ್ನೂ ಬಿಗಿ. ಗುರುತು ಸಿಗಬಾರದು ಅಂತ ಅದು ಎಲ್ಲರ ಟೈಮ್‌ಝೋನನ್ನೂ ಯುಟಿಸಿ ಅಂತಲೇ ಹೇಳುತ್ತದೆ. ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗ್ಗೆ ಒಂಬತ್ತೂವರೆಯ ಮೀಟಿಂಗು ವೆಬ್ ಕ್ಯಾಲೆಂಡರಿನಲ್ಲಿ ನಾಲ್ಕು ಗಂಟೆಗೆ ಅಂತ ಕಾಣಿಸಿದರೆ ಎಂತ ಮಾಡುವುದು? ಅದಕ್ಕಿಂತ ದೊಡ್ಡ ಪಜೀತಿ ಫೋಟೋದ್ದು. ಅರ್ಜಿಗೆ ಫೋಟೋ 50 ಕೆಬಿಗೆ ಇಳಿಸಬೇಕು, ಅದಕ್ಕೆ ಸೈಟುಗಳಿವೆ, ಬ್ರೌಸರಿನೊಳಗೇ ಚಿತ್ರ ಕತ್ತರಿಸಿ ಕೊಡುತ್ತವೆ. ಲಿಬ್ರೆವುಲ್ಫ್‌ನಲ್ಲಿ ಕತ್ತರಿಸಿ ಬಂದದ್ದನ್ನು ತೆರೆದರೆ ಮುಖದ ಜಾಗದಲ್ಲಿ ಬಣ್ಣಬಣ್ಣದ ಗೀರು! ಹಾಳಾದದ್ದಲ್ಲ, ಅದು ಬೇಕಂತಲೇ ಮಾಡುವುದು. ಸೈಟುಗಳು ಕ್ಯಾನ್ವಾಸ್ (ಬ್ರೌಸರಿನೊಳಗೆ ಚಿತ್ರ ಬಿಡಿಸುವ ಜಾಗ) ಓದಿ ಗುರುತು ಹಿಡಿಯುತ್ತವೆ ಅಂತ ಅದಕ್ಕೆ ಸುಳ್ಳು ಚಿತ್ರ ಕೊಡುತ್ತದೆ. ಸೈಟಿಗೊಮ್ಮೆ ಅನುಮತಿ ಕೊಟ್ಟರೆ ಸರಿಯಾಗುತ್ತದೆ. ಆದರೆ ಜೂನ್ ತಿಂಗಳಲ್ಲಿ ಕಾಲೇಜು ಸೇರುವ ಮಕ್ಕಳು ಬಾಗಿಲವರೆಗೆ ನಿಂತಿರುವಾಗ ಇದನ್ನೆಲ್ಲ ಮಾಡ್ಲಿಕ್ಕೆ ಪುರುಸೊತ್ತಿಲ್ಲ. ಮನೆಯಲ್ಲಿ ಒಬ್ಬರೇ ಬಳಸುವವರಿಗೆ ಆಗಬಹುದು. ಅಂಗಡಿಗೆ ಬೇಡ.

ಗುರುತಿನ ವಿಷಯ ಬಂತಲ್ಲ, ಒಂದು ತಮಾಷೆ ಹೇಳುತ್ತೇನೆ. ನನ್ನ ಫೈರ್‌ಫಾಕ್ಸ್ ಕನ್ನಡದಲ್ಲಿದೆ, ಮೆನು ಎಲ್ಲ ಕನ್ನಡವೇ. ಬ್ರೌಸರ್ ಪ್ರತಿ ಸೈಟಿಗೂ "ಇವರಿಗೆ ಕನ್ನಡ ಬೇಕು" ಅಂತ ಹೇಳುತ್ತಾ ಹೋಗುತ್ತದೆ. ಇಂಗ್ಲಿಷ್ ಕೇಳುವ ಕೋಟಿಗಟ್ಟಲೆ ಜನರ ನಡುವೆ ಇದು ಎದ್ದು ಕಾಣುತ್ತದೆ. ಗುರುತು ತಡೆಯುವ ಸೆಟ್ಟಿಂಗನ್ನು ಬಿಗಿ ಮಾಡಿದರೆ "ಇಂಗ್ಲಿಷ್ ಪುಟವನ್ನೇ ಕೇಳಲಾ" ಅಂತ ಬ್ರೌಸರ್ ವಿಚಾರಿಸುತ್ತದೆ. ನಾನು ಬೇಡ ಅಂದೆ. ಕಂಡರೆ ಕಾಣಲಿ.

ಮಂಗಳೂರಿನಲ್ಲಿರುವ ನಮ್ಮ ಭಾವನದ್ದು ಬ್ರೇವ್ ಅನ್ನುವ ಬ್ರೌಸರಿನ ಪಕ್ಷ. ಹಾಕಿದ ಕೂಡಲೇ ಜಾಹೀರಾತು ನಿಲ್ಲುತ್ತದೆ, ಒಳಗೆ ಕ್ರೋಮ್‌ಗೂ ಬುನಾದಿಯಾದ ಕ್ರೋಮಿಯಂ ಇರುವುದರಿಂದ ಸೈಟುಗಳೂ ತಕರಾರು ಮಾಡುವುದಿಲ್ಲ, ಅದು ಸರಿ. ಆದರೆ ಕ್ರಿಪ್ಟೋ, ವಾಲೆಟ್, ರಿವಾರ್ಡ್ಸ್ ಅಂತ ಗುಂಡಿಗಳನ್ನೆಲ್ಲ ಮೊದಲು ಬಚ್ಚಿಡಬೇಕು. 2020ರಲ್ಲಿ ಕ್ರಿಪ್ಟೋ ಸೈಟಿನ ವಿಳಾಸ ಟೈಪ್ ಮಾಡಿದರೆ ತಮ್ಮ ಕಮಿಶನ್ ಕೋಡ್ ಸೇರಿಸಿ ಕೊಡುತ್ತಿದ್ದರು ಅಂತ ಸಿಕ್ಕಿಬಿದ್ದರು. ಆಮೇಲೆ ತೆಗೆದರು. ಅಂಗಡಿಗೆ ಹಾಕುವಷ್ಟು ಮನಸ್ಸು ಬರಲಿಲ್ಲ. ನಾವು ಎಲ್ಲಿಂದ ನೋಡುತ್ತಿದ್ದೇವೆ ಅನ್ನುವುದನ್ನೇ ಮರೆಮಾಡುವ ಟೋರ್ ಬ್ರೌಸರ್ ಬಗ್ಗೆ ಹೇಳ್ಲಿಕ್ಕೇನೂ ಇಲ್ಲ, ಅದು ಬೇಕಾದವರಿಗೆ ಬೇರೆಯದೇ ಕಾರಣ ಇರುತ್ತದೆ.

ಕ್ರೋಮ್ ಬಿಟ್ಟದ್ದಕ್ಕೆ ನೇರ ಕಾರಣ ಯುಬ್ಲಾಕ್. ಎಕ್ಸ್‌ಟೆನ್ಶನ್‌ಗಳ ಹೊಸ ನಿಯಮ ಅಂತ 2024ರಿಂದ ಹಂತಹಂತವಾಗಿ ಕ್ರೋಮ್ ಹಳೆಯವನ್ನು ನಿಲ್ಲಿಸುತ್ತಾ ಬಂತು, ಯುಬ್ಲಾಕ್ ಒರಿಜಿನ್ ಅದರಲ್ಲಿ ಹೋಯಿತು. ಈಗ ಅಲ್ಲಿರುವುದು ಲೈಟ್ ಆವೃತ್ತಿ, ಶಕ್ತಿ ಕಡಿಮೆ. ನಮ್ಮಲ್ಲಿ ಇದು ಬರೀ ಜಾಹೀರಾತಿನ ಪ್ರಶ್ನೆ ಅಲ್ಲ. ಫಲಿತಾಂಶದ ದಿನ ಹುಡುಕಿದರೆ ಬರುವ ಸೈಟುಗಳಲ್ಲಿ ನಿಜವಾದ ಡೌನ್‌ಲೋಡ್ ಗುಂಡಿ ಒಂದು, ಸುಳ್ಳು ಗುಂಡಿ ನಾಲ್ಕು. ವಯಸ್ಸಾದವರು ದೊಡ್ಡದನ್ನೇ ಒತ್ತುವುದು. ಯುಬ್ಲಾಕ್ ಇದ್ದರೆ ಹೆಚ್ಚಿನವು ಕಾಣುವುದೇ ಇಲ್ಲ.

ಮೊಜಿಲ್ಲಾ ಏನು ದೇವರಲ್ಲ. ಅವರ ಆದಾಯದ ಬಹುಪಾಲು ಗೂಗಲ್ ಸರ್ಚನ್ನು ಡೀಫಾಲ್ಟ್ ಇಟ್ಟದ್ದಕ್ಕೆ ಗೂಗಲ್ ಕೊಡುವ ಹಣವೇ. 2025ರ ಫೆಬ್ರವರಿಯಲ್ಲಿ ಹೊಸ ಷರತ್ತು ತಂದು, ನಿಮ್ಮ ಡೇಟಾ ಯಾವತ್ತೂ ಮಾರುವುದಿಲ್ಲ ಅನ್ನುವ ಹಳೆಯ ಮಾತನ್ನು ತೆಗೆದದ್ದಕ್ಕೆ ಜನ ಚೆನ್ನಾಗಿ ಬೈದರು, ಷರತ್ತಿನ ಮಾತುಗಳನ್ನು ಆಮೇಲೆ ತಿದ್ದಿದರು. ನನಗೂ ಅದು ಹಿಡಿಸಲಿಲ್ಲ. ಬಳಕೆಯ ಮಾಹಿತಿ ಕಳಿಸುವ ಟಿಕ್ಕುಗಳನ್ನು ತೆಗೆದು ಮುಂದುವರಿದಿದ್ದೇನೆ.

ಫೋನಿಗೆ ಹಾಕಬಹುದಾ ಅಂದರೆ, ಆಂಡ್ರಾಯ್ಡ್ ಆದರೆ ಧಾರಾಳವಾಗಿ ಹಾಕಿ. ಅಲ್ಲಿಯೂ ಯುಬ್ಲಾಕ್ ಒರಿಜಿನ್ ನಡೆಯುತ್ತದೆ, ಕನ್ನಡ ಸುದ್ದಿ ಸೈಟು ಓದುವವರಿಗೆ ಅಷ್ಟೇ ಸಾಕು. ನನ್ನ ಹಳೆಯ ಫೋನಿನಲ್ಲಿ ಕ್ರೋಮ್‌ಗಿಂತ ಸ್ವಲ್ಪ ನಿಧಾನ. ಐಫೋನಿನ ಫೈರ್‌ಫಾಕ್ಸಿಗೆ ಎಕ್ಸ್‌ಟೆನ್ಶನ್ ಹಾಕ್ಲಿಕ್ಕೆ ಬರುವುದಿಲ್ಲ, ಇಲ್ಲಿ ಸಿಗುವ ಐಫೋನ್ ಬ್ರೌಸರುಗಳಿಗೆಲ್ಲ ಒಳಗೆ ಇರುವುದು ಸಫಾರಿಯ ಎಂಜಿನ್ನೇ. ಅವರು ಸಫಾರಿಯಲ್ಲೇ ಇದ್ದರಾಯಿತು, ಸುಮ್ನೆ ಬದಲಾಯಿಸುವ ಕಷ್ಟ ಯಾಕೆ.